‘ಹಿರಿ’ ಪದದ ಹಳದಿ ಕಾರ್ಡು

ಮಂಗಳವಾರದ ಪುಟದಲ್ಲಿ ನಾನು ಡೈರಿಗೇ ಸುಳ್ಳು ಬರೆದಿದ್ದೇನೆ. “ಇವತ್ತು ಹಳದಿ ಕಾರ್ಡು ಸಿಕ್ಕಿತು. ನೆಮ್ಮದಿ.” ಇಷ್ಟೇ. ಸಿಕ್ಕಿತು ಎನ್ನುವುದು ಸುಳ್ಳು. ನೆಮ್ಮದಿ ಎನ್ನುವುದು ಅದಕ್ಕಿಂತ ಸ್ವಲ್ಪ ಹೆಚ್ಚು ಸುಳ್ಳು. ನನ್ನನ್ನು ಬಿಟ್ಟು ಯಾರೂ ಓದದ ಪುಸ್ತಕದಲ್ಲಿ ಯಾರನ್ನು ನಂಬಿಸಲು ಹಾಗೆ ಬರೆದೆನೋ ಗೊತ್ತಿಲ್ಲ. ಆಮೇಲೆ ಡೈರಿ ತೆರೆದಾಗಲೆಲ್ಲ ಅಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿದ್ದೇನೆ. ಇವತ್ತು ಶನಿವಾರ. ಇವತ್ತಿನದನ್ನಾದರೂ ನಡೆದ ಹಾಗೆ ಬರೆಯಬೇಕು.

ನಾನು ಕೆಲಸ ಮಾಡುವುದು ನಿಘಂಟು ಕಚೇರಿಯಲ್ಲಿ. ಪದವಿ ಮುಗಿಸಿ ಸೇರಿ ಈಗ ಎಂಟು ತಿಂಗಳು. ಮೂರು ಕೋಣೆ, ಒಂದು ಉದ್ದನೆಯ ಮೇಜು, ಗೋಡೆ ತುಂಬ ಮರದ ಡ್ರಾಯರುಗಳು. ನಾನು ಹುಟ್ಟುವ ಮೊದಲೇ ‘ಅ’ದಿಂದ ಹೊರಟವರು ಈಗ ‘ಹ’ಕ್ಕೆ ಬಂದಿದ್ದಾರೆ. ಇದೇ ಕೊನೆಯ ಸಂಪುಟ. ಸಂಪಾದಕರು ಮೊದಲು ಶಾಲೆಯಲ್ಲಿ ಪಾಠ ಹೇಳಿದವರು, ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು. ಅವರ ಹಸಿರು ಶಾಯಿ ಬಿದ್ದ ಮೇಲೆ ಆ ಪದದ ಮಾತು ಮುಗಿಯಿತು. ಡ್ರಾಯರುಗಳ ಯಜಮಾನಿಕೆ ಮಾತ್ರ ಕಾರ್ಡಕ್ಕನದು. ಇಪ್ಪತ್ತಾರು ವರ್ಷದಿಂದ ಕಾರ್ಡು ಜೋಡಿಸಿ ಜೋಡಿಸಿ ಅವರ ಹೆಬ್ಬೆರಳ ಗೆರೆ ಸವೆದುಹೋಗಿದೆ. ಕಚೇರಿಯ ಬಾಗಿಲಲ್ಲಿ ಬೆರಳೊತ್ತುವ ಹಾಜರಿ ಯಂತ್ರ ಅವರನ್ನು ಇವತ್ತಿನ ತನಕ ಗುರುತು ಹಿಡಿದಿಲ್ಲ. ನನ್ನನ್ನು ಅವರು ‘ಸೈಲೆಂಟು’ ಎಂದು ಕರೆಯುತ್ತಾರೆ.

ಕಾರ್ಡಿನಲ್ಲಿ ಎರಡು ಬಣ್ಣ. ಪುಸ್ತಕದಿಂದ ಇಳಿಸಿಕೊಂಡದ್ದು ಬಿಳಿ. ಜನರ ಬಾಯಿಂದ ಕೇಳಿಸಿಕೊಂಡದ್ದು ಹಳದಿ. ಹಳದಿಯಲ್ಲಿ ಮಾತನ್ನು ಆಡಿದ ಹಾಗೇ ಬರೆಯಬೇಕು, ಆಡಿದವರ ವಯಸ್ಸು, ಕಸುಬು, ಕೇಳಿದ ದಿನ ಇರಬೇಕು. ಒಂದೂ ಹಳದಿ ಇಲ್ಲದ ಪದಕ್ಕೆ ಅಚ್ಚಿನಲ್ಲಿ ‘ಪು’ ಎಂಬ ಗುರುತು ಬೀಳುತ್ತದೆ. ಪುಸ್ತಕದಲ್ಲಿ ಮಾತ್ರ ಉಳಿದ ಪದ ಎಂದು ಅದರ ಅರ್ಥ. ಮತ್ತೆ ಒಂದು ನಿಯಮ ಮೊದಲ ದಿನವೇ ಹೇಳಿದ್ದರು: ಯಾರದಾದರೂ ಒಂದು ಹಳದಿ ಸುಳ್ಳು ಎಂದು ಗೊತ್ತಾದರೆ ಅವರು ಬರೆದ ಎಲ್ಲ ಕಾರ್ಡುಗಳೂ ಡ್ರಾಯರಿನಿಂದ ಹೊರಗೆ. ಎಂಟು ತಿಂಗಳಲ್ಲಿ ನಾನು ಬರೆದದ್ದು ಮುನ್ನೂರ ಹನ್ನೆರಡು.

ನನಗೆಂದೇ ಮೇಷ್ಟ್ರು ಕೊಟ್ಟ ಮೊದಲ ಪದ ‘ಹಿರಿ’. ಕತ್ತಿ ಹಿರಿ ಎನ್ನುವಾಗಿನ ಹಿರಿ.

ಅದಕ್ಕೆ ನಲವತ್ತಾರು ಬಿಳಿ ಕಾರ್ಡುಗಳಿದ್ದವು. ಎಲ್ಲವನ್ನೂ ಮೇಜಿನ ಮೇಲೆ ಹರಡಿ ಎರಡು ವಾರ ಅವುಗಳ ಮುಂದೆ ಕೂತೆ. ಖಡ್ಗ ಹಿರಿದವರು, ಬಾಕು ಹಿರಿದವರು, ಸೊಂಟದ ಚೂರಿ ಹಿರಿದವರು. ಕೊಡಲಿಯನ್ನು ಯಾರೂ ಹಿರಿದಿರಲಿಲ್ಲ, ಅದಕ್ಕೆ ಒರೆ ಇಲ್ಲ. ಬಿಲ್ಲನ್ನು ಎತ್ತುತ್ತಿದ್ದರು, ಬಾಣವನ್ನು ಹೂಡುತ್ತಿದ್ದರು. ಪಿಸ್ತೂಲು ಬಂದ ಕಾಲಕ್ಕೆ ಎಲ್ಲರೂ ಬರೀ ‘ತೆಗೆದರು’. ಒರೆಯೊಳಗೆ ಮಲಗಿದ್ದ ಅಲಗು ಜಾರಿಕೊಂಡು ಹೊರಬರುವುದಕ್ಕೆ ಮಾತ್ರ ಈ ಪದ. ಇನ್ನೊಂದನ್ನೂ ಲೆಕ್ಕ ಹಾಕಿದ್ದೆ. ನಲವತ್ತಾರು ಜನ ಹಿರಿದಿದ್ದರು, ವಾಪಸು ಒರೆಗೆ ಹಾಕಿದ್ದು ಇಬ್ಬರೇ. ಮಿಕ್ಕವರು ಕತ್ತಿ ಹಿಡಿದುಕೊಂಡೇ ಪುಟದ ಕೊನೆ ಮುಟ್ಟಿದ್ದರು. ಇದನ್ನು ಕಾರ್ಡಕ್ಕನಿಗೆ ಹೇಳಬೇಕೆಂದು ಮೂರು ಸಲ ಅವರ ಕುರ್ಚಿಯ ತನಕ ಹೋಗಿ ನೀರು ಕುಡಿದು ಬಂದೆ.

ಮೇಷ್ಟ್ರು ಹಿಂದೆ ಯಾವತ್ತೋ ಬರೆದಿಟ್ಟಿದ್ದ ಕರಡು ಅರ್ಥ ಹೀಗಿತ್ತು: ‘ಒರೆಯಲ್ಲಿರುವ ಆಯುಧವನ್ನು ಪೂರ್ತಿ ಹೊರಗೆಳೆ.’ ಹಳದಿ ಒಂದೂ ಇರಲಿಲ್ಲ.

“ಪು ಹಾಕೋದು ಸುಲಭ,” ಎಂದರು ಮೇಷ್ಟ್ರು. “ಆದ್ರೆ ಪು ಬಿದ್ದ ಪದ ಗಾಜಿನ ಕಪಾಟಿಗೆ ಸೇರಿದ ಹಾಗೆ. ನೋಡ್ಬಹುದು, ಮುಟ್ಟೋರಿಲ್ಲ. ಸಾಣೆ ಹಿಡಿಯೋನನ್ನ ಕೇಳಮ್ಮ. ನಾಟಕ ಕಂಪನಿಯ ಸಾಮಾನು ಕೋಣೆಯವರನ್ನ ಕೇಳು. ಯಾರಾದ್ರೂ ಒಬ್ಬರು ಅಂದಿದ್ರೆ ಸಾಕು. ಮಂಗಳವಾರ ತಂದ್ಕೊಡು, ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತೆ.”

ಸಾಣೆಯವನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕಾಲಲ್ಲಿ ತುಳಿಯುವ ಚಕ್ರ, ಕಿಡಿ ಹಾರದ ಹಾಗೆ ಮುಂದೆ ಒಂದು ತಗಡು. ಎದುರಿನ ಕಟ್ಟೆಯ ಮೇಲೆ ಅರ್ಧ ಗಂಟೆ ನಿಂತೆ. ‘ಕತ್ತಿಯನ್ನು ಒರೆಯಿಂದ ಹೊರಗೆಳೆಯುವುದಕ್ಕೆ ನೀವು ಏನನ್ನುತ್ತೀರಿ?’ ಈ ವಾಕ್ಯವನ್ನು ಬಾಯೊಳಗೆ ಹದಿನೈದು ಸಲ ತಿರುಗಿಸಿದೆ. ತಿರುಗಿಸಿದಷ್ಟೂ ಅದು ಪೊಲೀಸರು ಕೇಳುವ ಪ್ರಶ್ನೆಯ ಹಾಗೆ ಕೇಳಿಸತೊಡಗಿತು.

“ಏನಮ್ಮ, ಆಗಿಂದ ನಿಂತಿದ್ದೀಯ?” ಎಂದ ಅವನೇ.

ಚೀಲದಲ್ಲಿ ಕಾರ್ಡು ಕತ್ತರಿಸುವ ಕತ್ತರಿ ಇತ್ತು. ತೆಗೆದು ಕೊಟ್ಟೆ.

“ಇನ್ನೇನಾದ್ರೂ ಇದ್ಯಾ?”

“ಇಲ್ಲ.”

ಕತ್ತರಿ ಈಗ ತುಂಬ ಚೆನ್ನಾಗಿ ಕತ್ತರಿಸುತ್ತದೆ.

ನಾಟಕ ಕಂಪನಿಯ ಸಾಮಾನು ಕೋಣೆಗೆ ಎರಡು ಸಲ ಹೋದೆ. ಮೊದಲ ಸಲ ಅಲ್ಲಿಯವರು ಊಟಕ್ಕೆ ಕೂತಿದ್ದರು, ಎಬ್ಬಿಸುವುದು ಬೇಡವೆಂದು ಬಂದೆ. ಎರಡನೇ ಸಲ ಊಟ ಮುಗಿಸಿ ಎದ್ದಿದ್ದರು. ಆಗ ಯಾಕೆ ಕೇಳದೆ ವಾಪಸು ಬಂದೆ ಎನ್ನುವುದಕ್ಕೆ ಕಾರಣ ಬರೆಯಲಾರೆ.

“ಏ ಸೈಲೆಂಟು,” ಎಂದರು ಕಾರ್ಡಕ್ಕ ಸೋಮವಾರ, “ಯಾರನ್ನಾದ್ರೂ ಮಾತಾಡಿಸಿದ್ಯಾ, ಇಲ್ಲ ದೂರದಿಂದ ದರ್ಶನ ಮಾಡ್ಕೊಂಡು ಬಂದ್ಯಾ?”

“ಮಾತಾಡಿಸ್ತಾ ಇದ್ದೀನಿ ಅಕ್ಕ.”

“ಅವರಿಗೆ ಗೊತ್ತಾಗೋ ಹಾಗೆ ಮಾತಾಡಿಸು ತಾಯಿ.”

ಅಸಲು ವಿಷಯ ಏನೆಂದರೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನನ್ನ ತಾತ ಕತ್ತಿಯ ಒರೆ ಹೊಲಿಯುತ್ತಿದ್ದವರು. ನಾಟಕದವರಿಗೆ, ಮೆರವಣಿಗೆಯಲ್ಲಿ ಕತ್ತಿ ಹಿಡಿದು ನಡೆಯುವ ಪಡೆಯವರಿಗೆ. ತೊಗಲನ್ನು ನೀರಲ್ಲಿ ನೆನೆಸಿ, ಕತ್ತಿಯ ಅಳತೆಯ ಮರದ ಪಟ್ಟಿಗೆ ಸುತ್ತಿ, ಒಂದು ಅಂಚಿಗೆ ಹೊಲಿಗೆ. ಅಜ್ಜಿ ಪಕ್ಕದಲ್ಲಿ ಕೂತು ನೂಲಿಗೆ ಮೇಣ ತಿಕ್ಕಿ ಕೊಡುತ್ತಿದ್ದರು. ತಾತ ಹೋಗಿ ಒಂಬತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಮೇಣ ಮುಗಿದಿಲ್ಲ. ಅಜ್ಜಿ ಅಂಗಿಯ ಗುಂಡಿಯನ್ನೂ ಮೇಣದ ನೂಲಲ್ಲೇ ಹಾಕುತ್ತಾರೆ. ಅಂಗಿ ಹರಿದು ಚಿಂದಿಯಾದರೂ ಗುಂಡಿ ಮಾತ್ರ ಅಲ್ಲೇ ಇರುತ್ತದೆ. ನಾವು ಊಟ ಮಾಡುವ ಮೇಜು ತಾತನ ಕೆಲಸದ ಮೇಜು. ಅದರ ತುಂಬ ದಬ್ಬಳ ಚುಚ್ಚಿದ ತೂತುಗಳು. ಚಿಕ್ಕವಳಿದ್ದಾಗ ಅವುಗಳೊಳಗೆ ಉಪ್ಪು ತುಂಬಿ ಬೈಸಿಕೊಂಡಿದ್ದೇನೆ.

ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಬರುವುದು ತಡ. ಹಾಗಾಗಿ ದಿನಾ ಸಂಜೆ ಆ ಮೇಜಿನ ಎದುರು ನಾನೂ ಅಜ್ಜಿಯೂ ಇಬ್ಬರೇ. ಕೇಳಬಹುದಿತ್ತು. ಸೋಮವಾರ ಸಂಜೆ ಬಾಯಿ ತನಕ ಬಂದಿತ್ತು.

“ಅಜ್ಜಿ.”

“ಏನು ಮರಿ?”

“ಏನಿಲ್ಲ.”

ಕೇಳಿದರೆ, ‘ನಾವ್ಯಾರೂ ಹಾಗೆ ಅಂತಿರಲಿಲ್ಲ’ ಎಂದುಬಿಟ್ಟರೆ? ಆಮೇಲೆ ಇನ್ಯಾವ ಬಾಗಿಲೂ ಉಳಿಯುತ್ತಿರಲಿಲ್ಲ. ನನ್ನ ಮೊದಲ ಪದ, ಗಾಜಿನ ಕಪಾಟು. ಅದಕ್ಕೆ ಮಂಗಳವಾರ ಬೆಳಿಗ್ಗೆ ಕಚೇರಿಗೆ ಬೇಗ ಹೋಗಿ, ಒಂದು ಹಳದಿ ಕಾರ್ಡು ತೆಗೆದುಕೊಂಡು, ಅಜ್ಜಿಯ ದನಿ ನೆನಪು ಮಾಡಿಕೊಂಡು, ಬರೆದೆ:

‘ಹೊಸ ಒರೆ ಮುಗಿದ್ರೆ ಅವರು ಕತ್ತೀನ ಅರ್ಧ ಹಿರಿದು, ಅಲ್ಲೇ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡ್ತಿದ್ರು.’ ಹೇಳಿದವರು: ಒರೆ ಹೊಲಿಯುವವರ ಹೆಂಡತಿ, ಎಂಬತ್ತೊಂದು ವರ್ಷ.

ಚೆನ್ನಾಗಿ ಬಂದಿತ್ತು. ಅದೇ ಹೆಚ್ಚು ನಾಚಿಕೆಯ ವಿಷಯ. ಅರ್ಧ ಒರೆಯಲ್ಲಿ, ಅರ್ಧ ಬೆಳಕಲ್ಲಿ ಇರುವ ಆ ಅಲಗು ನನ್ನ ಕಣ್ಣಿಗೆ ಕಟ್ಟಿತ್ತು. ಇದು ಅಜ್ಜಿ ಆಡಬಹುದಾಗಿದ್ದ ಮಾತೇ ಅಲ್ಲವೇ ಎಂದುಕೊಂಡೆ.

ಹೇಳಿದವರು ನಮ್ಮಜ್ಜಿ ಎಂದು ಮೇಷ್ಟ್ರಿಗೆ ಕೊಟ್ಟೆ. ಅವರು ಕಾರ್ಡನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೊಂದು ಸಲ ಓದಿದರು.

“ಅರ್ಧ ಹಿರಿದು,” ಎಂದರು. “ನೋಡು ಕಾರ್ಡಕ್ಕ, ಇಷ್ಟು ವರ್ಷ ನಾನು ತುದಿ ಹೊರಗೆ ಬಂದ ಮೇಲೇನೇ ಹಿರಿದದ್ದು ಅಂದ್ಕೊಂಡಿದ್ದೆ. ಒರೆ ಹೊಲಿಯೋರ ಮನೇಲಿ ಅರ್ಧಕ್ಕೂ ಹಿರಿ ಅಂತಾರೆ. ಅವರಿಗೆ ತಾನೆ ಗೊತ್ತಿರಬೇಕಾದ್ದು?” ಹಸಿರು ಪೆನ್ನು ತೆಗೆದು ಕರಡಿನಲ್ಲಿ ‘ಪೂರ್ತಿ’ ಎಂಬ ಮಾತನ್ನು ಹೊಡೆದು ಹಾಕಿದರು. ಅದು ಅವರೇ ಇಪ್ಪತ್ತು ವರ್ಷದ ಹಿಂದೆ ಬರೆದದ್ದು. ಹೊಡೆಯುವಾಗ ಮಗುವಿನ ಹಾಗೆ ನಗುತ್ತಿದ್ದರು. “ನಿಮ್ಮಜ್ಜಿ ನನ್ನನ್ನ ತಿದ್ದಿದ್ರು ಕಣಮ್ಮ. ನಮಸ್ಕಾರ ಹೇಳಿದೆ ಅಂತ ಹೇಳು.”

ಆಗಲೇ ಹೇಳಬಹುದಿತ್ತು. ನಾನು, “ಹೂಂ ಸರ್,” ಎಂದೆ.

ಕರಡನ್ನು ಬದಲಿಸುವ ಹಳದಿ ಕಾರ್ಡಿಗೆ ಎರಡನೇ ಕಿವಿ ಬೇಕು. ಅದೂ ಕಚೇರಿಯ ನಿಯಮ, ನನ್ನ ತಲೆಯಿಂದ ಜಾರಿಹೋಗಿತ್ತು. ಬರೆದವರಲ್ಲದೆ ಬೇರೊಬ್ಬರು ಹೋಗಿ ಆ ಮಾತನ್ನು ಅದೇ ಬಾಯಿಂದ ಕೇಳಿ ಬರಬೇಕು. ಹೋದವರು ಕಾರ್ಡನ್ನು ಓದಿ ಹೇಳುವಂತಿಲ್ಲ. ವಿಷಯ ತೆಗೆದು, ಅವರಾಗಿ ಆಡಲು ಬಿಡಬೇಕು. ಇಪ್ಪತ್ತಾರು ವರ್ಷದಿಂದ ಎರಡನೇ ಕಿವಿ ಕಾರ್ಡಕ್ಕನದೇ.

“ಶನಿವಾರ ಮಧ್ಯಾಹ್ನ ಬರ್ತೀನಿ,” ಎಂದರು. “ಅಜ್ಜಿಗೆ ಮೊದಲೇ ಏನೂ ಹೇಳಿಕೊಡಬೇಡ. ನೀನು ಹೇಳಿಕೊಡೋಳಲ್ಲ ಬಿಡು, ಹೇಳೋದೇ ಅಪರೂಪ.”

ಬುಧವಾರ, ಗುರುವಾರ, ಶುಕ್ರವಾರ. ಮೂರು ದಿನ ಸಿಕ್ಕಿತ್ತು. ಮೂರು ದಿನವೂ ಕಾರ್ಡಕ್ಕನ ಕುರ್ಚಿಯ ತನಕ ಹೋಗಿ ನೀರು ಕುಡಿದು ಬಂದೆ. ಅಜ್ಜಿಗೆ ಮಾತ್ರ, “ಆಫೀಸಿನವರು ಒಬ್ಬರು ಬರ್ತಾರೆ, ತಾತನ ಕೆಲಸದ ಬಗ್ಗೆ ಕೇಳ್ತಾರೆ,” ಎಂದಿದ್ದೆ. ಅಜ್ಜಿ ಆ ಮೇಜನ್ನು ಎರಡು ಸಲ ಒರೆಸಿದರು. ಗೋಡೆಯ ಗೂಟದಲ್ಲಿ ತೂಗುಹಾಕಿದ್ದ ತಾತನ ಕೊನೆಯ ಒರೆಯನ್ನು ಇಳಿಸಿ ಎಣ್ಣೆ ಬಟ್ಟೆಯಲ್ಲಿ ತಿಕ್ಕಿ ಮತ್ತೆ ತೂಗುಹಾಕಿದರು. ಮಾಡಿಸಿದವರು ಒಯ್ಯಲು ಬರಲೇ ಇಲ್ಲ. ಒಳಗೆ ಕತ್ತಿಯ ಬದಲು ಅಳತೆಯ ಮರದ ಪಟ್ಟಿ ಹಾಗೇ ಇದೆ.

ಕಾರ್ಡಕ್ಕ ಹೇಳಿದ ಹೊತ್ತಿಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಜಿನ ಮುಂದೆ ಕೂತರು. ಅಜ್ಜಿ ಟೀ ಕೊಟ್ಟರು.

“ಇವಳು ಆಫೀಸಲ್ಲಿ ಮಾತಾಡ್ತಾಳಾ?” ಎಂದು ಕೇಳಿದರು ಅಜ್ಜಿ, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

“ಉಸಿರಾಡ್ತಾಳೆ ಅಮ್ಮ. ಅಷ್ಟು ಗೊತ್ತು.”

“ಮನೇಲೂ ಅಷ್ಟೇ. ಅವರಪ್ಪನ ಕಡೆ ಗುಣ. ನಮ್ಮ ಕಡೆ ಎಲ್ಲ ಬಾಯಿಬಡುಕರು.”

ಇಬ್ಬರೂ ನಕ್ಕರು. ಕಾರ್ಡಕ್ಕ ಮೇಜಿನ ತೂತುಗಳ ಮೇಲೆ ಬೆರಳಾಡಿಸಿದರು. ಇದು ಅವರ ಕೆಲಸದ ರೀತಿ, ಅವಸರ ಇಲ್ಲ. ಗೋಡೆಯ ಕಡೆ ನೋಡಿ, “ಅದು ಯಜಮಾನ್ರು ಹೊಲಿದದ್ದಾ?” ಎಂದರು.

ಅಷ್ಟು ಸಾಕಾಯಿತು. ಅಜ್ಜಿ ಒರೆ ತಂದು ಮೇಜಿನ ಮೇಲಿಟ್ಟು ಹೊಲಿಗೆ ತೋರಿಸಿದರು. “ಒಂದು ಗೇಣಿಗೆ ಐವತ್ತು ಹೊಲಿಗೆ. ಎಣಿಸ್ಕೊಳ್ಳಿ ಬೇಕಾದ್ರೆ. ಇವರ ಹೊಲಿಗೆ ಬಿಚ್ಚಿತು ಅಂತ ನಲವತ್ತು ವರ್ಷದಲ್ಲಿ ಒಬ್ಬರೂ ವಾಪಸು ಬಂದಿಲ್ಲ. ಬೈಯೋದಕ್ಕೆ ನನಗೆ ಬೇಕಾದಷ್ಟಿತ್ತು ಅವರಲ್ಲಿ. ಗೊರಕೆ, ಕೋಪ, ಟೀಗೆ ನಾಲ್ಕು ಚಮಚ ಸಕ್ಕರೆ. ಕೈಕೆಲಸ ಮಾತ್ರ ಬೈಯೋ ಹಾಗಿರ್ಲಿಲ್ಲ.”

“ಹೊಸ ಒರೆ ಮುಗಿದ ಮೇಲೆ ಏನ್ಮಾಡ್ತಿದ್ರು?”

ನಾನು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

“ಕತ್ತಿ ಹಾಕಿ ತೆಗೆದು ನೋಡ್ತಿದ್ರು. ಹೀಗೆ.” ಅಜ್ಜಿ ಎದ್ದು ನಿಂತು ಒರೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಮರದ ಪಟ್ಟಿಯನ್ನು ಒಂದೇ ಸಲಕ್ಕೆ ಎಳೆದರು. ಎಂಬತ್ತೊಂದು ವರ್ಷದ ಕೈ ಪೂರ್ತಿ ಚಾಚಿತು, ಟೀ ಲೋಟಕ್ಕೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು. “ಒಂದೇ ಉಸಿರಿಗೆ. ಮಧ್ಯ ನಿಲ್ಸೋ ಹಾಗಿಲ್ಲ. ನಿಲ್ಸಿದ್ರೆ ಅಲಗು ವಾಲಿ ಹೊಲಿಗೆ ಮೇಲೆ ಕೂರುತ್ತೆ, ನೂಲು ಕತ್ತರಿಸುತ್ತೆ. ನಾಟಕದೋರು ಬಂದ್ರೆ ಮೊದಲು ಅದನ್ನೇ ಹೇಳಿ ಕಳಿಸ್ತಿದ್ರು: ತೆಗೆದ್ರೆ ಪೂರ್ತಿ ತೆಗೀರಿ, ಇಲ್ಲಾ ಮುಟ್ಟಬೇಡಿ.”

“ನೀವು ತೆಗಿ ಅಂತಲೇ ಅಂತಿದ್ರಾ?”

“ಮತ್ತೇನಂತಾರೆ? ತೆಗಿ, ಎಳಿ.”

ಕಾರ್ಡಕ್ಕನ ಪೆನ್ನು ನಿಂತಿತು. ನನ್ನ ಕಡೆ ನೋಡಿದರು. ಕೋಪದ ನೋಟವಲ್ಲ. ಡ್ರಾಯರಿನಲ್ಲಿ ಎರಡು ಕಾರ್ಡುಗಳ ನಡುವೆ ಒಂದು ಕಾಣೆಯಾಗಿದ್ದರೆ ನೋಡುವ ಹಾಗೆ. ಇಪ್ಪತ್ತಾರು ವರ್ಷದಲ್ಲಿ ಮಾಡದ ಕೆಲಸವನ್ನು ಆಗ ಅವರು ಮಾಡಿದರು. ಚೀಲದಿಂದ ನನ್ನ ಹಳದಿ ಕಾರ್ಡು ತೆಗೆದು ಅಜ್ಜಿಗೆ ಓದಿ ಹೇಳಿದರು. ನನ್ನನ್ನು ಉಳಿಸಿಕೊಳ್ಳುವುದಕ್ಕೇ ಎಂದು ನನಗೆ ಗೊತ್ತಾಯಿತು.

“ಇದನ್ನ ನೀವು ಹೇಳಿದ್ದು ಅಂತ ಇದೆ ಅಮ್ಮ. ಅರ್ಧ ಹಿರಿದು, ನಿಲ್ಲಿಸಿ, ಬೆಳಕಿಗೆ ಹಿಡಿದು.”

ಅಜ್ಜಿ ಕಾರ್ಡು ನೋಡಲಿಲ್ಲ. ಅವರಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ನನ್ನ ಮುಖ ನೋಡಿದರು. ಶಾಲೆಯಿಂದ ಪೆನ್ಸಿಲ್ ಕಳೆದುಕೊಂಡು ಬಂದ ದಿನಗಳಲ್ಲೂ ಹೀಗೇ, ನಾನು ಏನೂ ಹೇಳದೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಮರದ ಪಟ್ಟಿಯನ್ನು ಮೆಲ್ಲಗೆ ಒರೆಗೆ ಹಾಕಿದರು. ಕೂತರು.

“ಹೌದು,” ಎಂದರು. “ಹೇಳಿರ್ತೀನಿ. ವಯಸ್ಸಾಯ್ತು, ಮರೆತುಹೋಗುತ್ತೆ.”

“ಮಧ್ಯ ನಿಲ್ಸಿದ್ರೆ ನೂಲು ಕತ್ತರಿಸುತ್ತೆ ಅಂದ್ರಲ್ಲ ಈಗ?”

“ಅಂದೆ. ಆದ್ರೂ ಅವರು ಅರ್ಧ ಹಿರಿದು ನಿಲ್ಲಿಸ್ತಿದ್ರು. ಕೆಲವು ಸಲ.” ಅಜ್ಜಿಯ ಬೆರಳು ಹೊಲಿಗೆಯ ಮೇಲೆ ಹೋಗುತ್ತ ಬರುತ್ತ ಇತ್ತು. “ಹೊಲಿಗೆ ಕೆಡ್ತಿತ್ತು. ಮತ್ತೆ ಕೂತು ಹೊಲೀತಿದ್ರು. ಅವರಿಗೂ ತಪ್ಪಾಗ್ತಿತ್ತು.”

ತಾತನ ಬಗ್ಗೆ ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಅಜ್ಜಿ ಆಡಿದ್ದೂ ಮೊದಲ ಸಲವೇ. ಆಡಿದ ಮೇಲೆ ಅವರು ಕಣ್ಣೆತ್ತಲಿಲ್ಲ.

ಕಾರ್ಡಕ್ಕ ಇನ್ನೂ ಸ್ವಲ್ಪ ಹೊತ್ತು ಕಾದರು. ಯಾರಿಗಾಗಿ ಕಾದರೆಂದು ಈಗ ಯೋಚಿಸುತ್ತೇನೆ. ಕೊನೆಗೆ ಹೊಸದೊಂದು ಹಳದಿ ಕಾರ್ಡು ತೆಗೆದರು. ಮೇಲೆ ‘ಹಿರಿ, ಎರಡನೇ ಕಿವಿ’ ಎಂದು ಬರೆದರು. ಕೆಳಗೆ ಅಜ್ಜಿಯ ವಯಸ್ಸು, ತಾತನ ಕಸುಬು. ಆಮೇಲೆ ನಿಧಾನವಾಗಿ, ಆಡಿದ್ದನ್ನು ಆಡಿದ ಹಾಗೇ ಬರೆಯುವ ತಮ್ಮ ದುಂಡು ಅಕ್ಷರದಲ್ಲಿ ಶುರು ಮಾಡಿದರು: ‘ಆದ್ರೂ ಅವರು ಅರ್ಧ ಹಿರಿದು ನಿಲ್ಲಿಸ್ತಿದ್ರು. ಕೆಲವು ಸಲ. ಹೊಲಿಗೆ ಕೆಡ್ತಿತ್ತು. ಮತ್ತೆ ಕೂತು ಹೊಲೀತಿದ್ರು. ಅವರಿಗೂ…’

ಆ ಕಾರ್ಡು ಡ್ರಾಯರಿಗೆ ಹೋಗುತ್ತದೆ. ಸೋಮವಾರ ಅಚ್ಚಾಗುವ ಸಂಪುಟಕ್ಕೆ ಆಧಾರವಾಗಿ ಕೂರುತ್ತದೆ. ಐವತ್ತು ವರ್ಷದ ಮೇಲೆ ಯಾರೋ ತೆಗೆದು ನೋಡಿದರೆ ಅವರಿಗೆ ನನ್ನ ತಾತ ಗೊತ್ತಾಗುವುದು ಅದೊಂದರಿಂದಲೇ.

“ಅಕ್ಕ,” ಎಂದೆ.

ಪೆನ್ನು ನಿಂತಿತು. ಅಜ್ಜಿ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದರು, ಬೇಡ ಎಂಬಂತೆ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಎದ್ದು ಹೋಗಿ ನೀರು ಕುಡಿಯುವ ಅಂದುಕೊಂಡೆ, ಏಳಲಿಲ್ಲ.

“ಅದನ್ನ ಬರೀಬೇಡಿ ಅಕ್ಕ. ತಾತ ಯಾವತ್ತೂ ಮಧ್ಯ ನಿಲ್ಲಿಸಿಲ್ಲ. ಆ ಕಾರ್ಡಲ್ಲಿರೋದು ಅಜ್ಜಿ ಹೇಳಿದ್ದಲ್ಲ. ನಾನು ಯಾರನ್ನೂ ಕೇಳಲೇ ಇಲ್ಲ, ಕೂತು ನಾನೇ ಬರೆದೆ.”